ಓಣಿಯ ಹಳೇ ಮನೆ ಉಳಿಸಲು ನಾವು ಮಾಡಿದ್ದು

ವಿಜಯಪುರದ ಬಾರಾ ಕಮಾನ್ ಎಂಬ ಸಂರಕ್ಷಿತ ಸ್ಮಾರಕದ ಸಮೀಪದ ನಮ್ಮ ಓಣಿಯಲ್ಲಿ ಕಲ್ಲು-ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಇವೆ. ತಲಬಾಗಿಲು, ಅದರ ಎರಡೂ ಕಡೆ ಕಟ್ಟೆ, ಒಳಗೆ ಪಡಸಾಲೆ, ಮೇಲೆ ಬೆಳಕಿಂಡಿ. ಇವು ಒಂದೊಂದಾಗಿ ಬೀಳತೊಡಗಿದಾಗ ಓಣಿಯವರೆಲ್ಲ ಸೇರಿ ಸಂಘ ಮಾಡಿಕೊಂಡೆವು. ಏಳು ಜನ ಇದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗುತ್ತದೆ, ಅದೇನೂ ದೊಡ್ಡ ಕೆಲಸ ಅಲ್ಲ.

ಜನರ ಹೆದರಿಕೆ ಬಿಡಿಸೋದೇ ಕಷ್ಟವಾಯಿತು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಕಟ್ಟಲು ಅನುಮತಿ ಬೇಕು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರ ತಿದ್ದುಪಡಿ ಬಂದ ಮೇಲಂತೂ ಗೋಡೆ ಮುಟ್ಟಿದರೂ ನೋಟಿಸ್ ಬರುತ್ತೆ ಅಂತ ಜಾಸ್ತಿ ಜನ ನಂಬಿದ್ದರು. ಹೀಗಾಗಿ ಸೋರುವ ಮಾಳಿಗೆ ಸೋರುತ್ತಲೇ ಇತ್ತು. ಜಂತಿ ಕೊಳೆತು ಮನೆ ಕುಸಿಯುತ್ತಿತ್ತು. ಆದರೆ ಇರುವ ಮನೆ ದುರಸ್ತಿ ಮಾಡಿಕೊಳ್ಳಲು ಅದೇ ಕಾಯ್ದೆಯಲ್ಲಿ ದಾರಿ ಇದೆ. ಅನುಮತಿ ಪಡೆಯಬೇಕು, ಅಷ್ಟೆ. ನಾವು ಮನೆಮನೆಗೆ ಹೋಗಿ ಉತಾರ (ಆಸ್ತಿಯ ದಾಖಲೆ), ಫೋಟೊ, ನಕ್ಷೆ ಕೂಡಿಸಿ ಅರ್ಜಿ ತುಂಬಿಕೊಟ್ಟೆವು. ಒಬ್ಬರಿಗೆ ಅನುಮತಿ ಬಂದದ್ದೇ ತಡ, ಪಕ್ಕದ ಮನೆಯವರು ತಾವಾಗಿಯೇ ಬಂದು ಕೇಳಿದರು.

ಆಮೇಲೆ ಗೌಂಡಿ ಹುಡುಕಾಟ. ಈಗಿನವರು ಮಣ್ಣಿನ ಗೋಡೆಗೂ ಸಿಮೆಂಟ್ ಬಳಿದು ಹೋಗುತ್ತಾರೆ. ಒಳಗಿನ ತೇವ ಹೊರಗೆ ಬರೋಕೆ ದಾರಿ ಸಿಗದೆ ಗಿಲಾವು ಹೊಪ್ಪಳಿಕೆ ಎದ್ದು ಬೀಳುತ್ತದೆ. ನಮಗೆ ಸುಣ್ಣದ ಕೆಲಸ ಬಲ್ಲವರು ಬೇಕಿತ್ತು. ಕೆಲಸ ಬಿಟ್ಟು ಮನೆಯಲ್ಲಿದ್ದ ಹಿರಿಯ ಗೌಂಡಿಯೊಬ್ಬರ ಹತ್ತಿರ ಹೋದೆವು. “ಅಜ್ಜಾರ, ನೀವು ಕೈ ಹಚ್ಚಬ್ಯಾಡ್ರಿ. ಬರೇ ಕುಂತು ಹೇಳ್ರಿ, ಹುಡುಗರು ಮಾಡ್ತಾರ” ಅಂದೆ. “ಕುಂತು ಹೇಳಿದ್ರ ಬರೂ ಕೆಲಸ ಅಲ್ಲ ಇದು” ಅಂತ ಹೇಳಿ ಎದ್ದೇ ಬಂದರು!

ಸುಣ್ಣದ ಹರಳು ತೊಟ್ಟಿಗೆ ಹಾಕಿ ನೀರು ಬಿಟ್ಟರೆ ಕೊತಕೊತ ಕುದಿಯುತ್ತದೆ. ಹುಡುಗರನ್ನು ಅಜ್ಜ ದೂರ ನಿಲ್ಲಿಸಿದರು. ಅರಳಿದ ಸುಣ್ಣ ವಾರಗಟ್ಟಲೆ ನೀರಲ್ಲೇ ಇರಬೇಕು, ಬೆಣ್ಣೆ ಹಾಗೆ ಮೆತ್ತಗಾಗೋ ತನಕ. ಆಮೇಲೆ ಜರಡಿ ಹಿಡಿದ ಉಸುಕು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಹದ ಬಂತೋ ಇಲ್ಲವೋ ನೋಡಲು ಅಜ್ಜ ಕರಣೆ ಮೇಲೆ ಗಚ್ಚು ತೆಗೆದುಕೊಂಡು ಅಡ್ಡ ತಿರುಗಿಸುತ್ತಿದ್ದರು. ಜಾರಿದರೆ ಮತ್ತೆ ಕಲಸಬೇಕು. ಹಚ್ಚಿದ ಮೇಲೆ ನಮ್ಮೂರ ಬಿಸಿಲಿಗೆ ಬೇಗ ಒಣಗಿ ಬಿರುಕು ಬಿಡಬಾರದು ಅಂತ ಹಸಿ ಗೋಣಿಚೀಲ ಹೊದಿಸಿ ದಿನಾ ನೀರು ಚಿಮುಕಿಸಿದೆವು. ಮೊದಲು ರಿಪೇರಿ ಆದದ್ದು ಒಂದು ಮನೆಯ ಕಟ್ಟೆ. ಸಂಜೆ ಹೊತ್ತು ಓಣಿಯ ಹೆಂಗಸರು ಕೂತು ಮಾತಾಡೋ ಜಾಗ ಅದು. ಅದನ್ನು ಒಡೆದು ಶಟರ್ ಅಂಗಡಿ ಮಾಡಿದ್ದರೆ ನನಗಂತೂ ಸಹಿಸೋಕೆ ಆಗ್ತಿರಲಿಲ್ಲ.

ರಸ್ತೆ ವಿಷಯದಲ್ಲಿ ಮಾತ್ರ ಹಟ ಹಿಡಿಯಬೇಕಾಯಿತು. ಹಳೇ ಕಾಂಕ್ರೀಟ್ ಮೇಲೆ ಹೊಸದು ಹಾಕುತ್ತ ಹೋದರೆ ರಸ್ತೆ ಏರುತ್ತದೆ, ಹೊಸ್ತಿಲು ತಗ್ಗಾಗುತ್ತದೆ, ಮಳೆನೀರು ಸೀದಾ ಪಡಸಾಲೆಗೆ ಬರುತ್ತದೆ. ಹಳೇ ಪದರ ಕಿತ್ತ ಮೇಲೇ ಹೊಸದು ಹಾಕಿ ಅಂತ ಪ್ರತಿ ಮನೆಯ ಸಹಿ ಹಾಕಿಸಿ ಅರ್ಜಿ ಕೊಟ್ಟೆವು. ಕೆಲಸ ನಡೆಯುವಾಗ ಸರದಿ ಮೇಲೆ ನಿಂತು ನೋಡಿಕೊಂಡೆವು. ಆ ಮಳೆಗಾಲದಲ್ಲಿ ಯಾರ ಮನೆಗೂ ನೀರು ನುಗ್ಗಲಿಲ್ಲ.

ಈಗ ಓಣಿಯ ಕೊನೆಯ ಬಾವಿಯ ಹೂಳು ತೆಗೆಸೋಕೆ ವಂತಿಗೆ ಎತ್ತುತ್ತಿದ್ದೇವೆ.