ಲೋಹದ ಬಿಗಿತದಲ್ಲಿ ವಾಹಕ ಎಲೆಕ್ಟ್ರಾನುಗಳ ಪಾಲನ್ನು ಲೆಕ್ಕ ಹಾಕುವ ಬಗೆ

ಮಲ್ಲೇಶ್ವರದ ನಮ್ಮ ಮನೆಗೆ ಪಾಠಕ್ಕೆ ಬರುವ ಬಿ.ಎಸ್ಸಿ. ವಿದ್ಯಾರ್ಥಿಗಳ ಮುಂದೆ ಎಸ್.ಪಿ. ರಸ್ತೆಯಿಂದ ತಂದ ತಾಮ್ರದ ತಂತಿಯ ತುಂಡೊಂದನ್ನಿಟ್ಟು, ಇದನ್ನು ಎಲ್ಲ ಕಡೆಯಿಂದಲೂ ಒತ್ತಿದರೆ ಎದುರು ನಿಲ್ಲುವುದು ಯಾವುದು ಎಂದು ಕೇಳುತ್ತೇನೆ. ಪರಮಾಣುಗಳು ಎನ್ನುತ್ತಾರೆ. ಆದರೆ ವಿದ್ಯುತ್ತನ್ನು ಒಯ್ಯುವ ಎಲೆಕ್ಟ್ರಾನುಗಳ ಪಾಲೂ ಅದರಲ್ಲಿ ದೊಡ್ಡದು. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನುಗಳು ಇರಲಾರವೆಂಬುದು ಪೌಲಿ ನಿಯಮ. ಹಾಗಾಗಿ ಗಾತ್ರ ಕುಗ್ಗಿದಂತೆ ಅವುಗಳ ಶಕ್ತಿ ಏರಲೇಬೇಕು, ಆ ಶಕ್ತಿಯನ್ನು ಒತ್ತುವವರೇ ಒದಗಿಸಬೇಕು.

ಲೆಕ್ಕವನ್ನು ಸೋಡಿಯಂನಿಂದ ಆರಂಭಿಸಿ, ಏಕೆಂದರೆ ಅದರ ಪ್ರತಿ ಪರಮಾಣುವೂ ಒಂದೇ ವಾಹಕ ಎಲೆಕ್ಟ್ರಾನನ್ನು ಕೊಡುತ್ತದೆ. ಘನ ಸೆಂಟಿಮೀಟರಿಗೆ 0.97 ಗ್ರಾಂ ಎಂಬ ಸಾಂದ್ರತೆಯನ್ನು ಪರಮಾಣು ತೂಕ 23ರಿಂದ ಭಾಗಿಸಿ, ಅವೊಗಾಡ್ರೊ ಸಂಖ್ಯೆಯಿಂದ ಗುಣಿಸಿ, ಘನ ಮೀಟರಿಗೆ ಬದಲಿಸಿದರೆ 2.54 × 10²⁸ ಎಲೆಕ್ಟ್ರಾನುಗಳು ಸಿಗುತ್ತವೆ. ಈ ಸಂಖ್ಯೆಯ ಘನಮೂಲದ ವರ್ಗವನ್ನು 3.65 × 10⁻¹⁹ರಿಂದ ಗುಣಿಸಿದರೆ ಫರ್ಮಿ ಶಕ್ತಿ, ಅಂದರೆ ವಾಹಕ ಎಲೆಕ್ಟ್ರಾನುಗಳ ಪೈಕಿ ಅತಿ ಮೇಲಿನದರ ಶಕ್ತಿ, ಸಿಗುತ್ತದೆ: ಸುಮಾರು 3.15 ಎಲೆಕ್ಟ್ರಾನ್ ವೋಲ್ಟ್. ಅದನ್ನು ಜೂಲ್‌ಗೆ ತಂದು, ಎಲೆಕ್ಟ್ರಾನ್ ಸಂಖ್ಯೆಯಿಂದಲೂ 2/3ರಿಂದಲೂ ಗುಣಿಸಿ. ಬಲ್ಕ್ ಮಾಡ್ಯುಲಸ್, ಅಂದರೆ ಎಲ್ಲ ಕಡೆಯಿಂದ ಒತ್ತಿದಾಗ ಕುಗ್ಗದಂತೆ ಎದುರು ನಿಲ್ಲುವ ಬಿಗಿತದ ಅಳತೆ, ಸುಮಾರು 8.5 ಗಿಗಾಪಾಸ್ಕಲ್ ಎಂದು ಬರುತ್ತದೆ. ಅಳೆದ ಬೆಲೆ 6.4ರ ಆಸುಪಾಸಿನಲ್ಲಿದೆ. ಇಷ್ಟು ಸರಳ ಲೆಕ್ಕ ಇಷ್ಟು ಹತ್ತಿರ ಬರುವುದು ನನಗೆ ಇಂದಿಗೂ ಸಂತೋಷ ಕೊಡುತ್ತದೆ. ಉಳಿದ ವ್ಯತ್ಯಾಸಕ್ಕೆ ಮುಖ್ಯ ಕಾರಣ ಎಲೆಕ್ಟ್ರಾನುಗಳಿಗೂ ಅಯಾನುಗಳಿಗೂ (ವಾಹಕ ಎಲೆಕ್ಟ್ರಾನನ್ನು ಬಿಟ್ಟುಕೊಟ್ಟ ಪರಮಾಣುಗಳಿಗೂ) ಇರುವ ಸೆಳೆತ. ಅದು ಲೋಹವನ್ನು ಸ್ವಲ್ಪ ಮೆತ್ತಗಾಗಿಸುತ್ತದೆ.

ಬಳಿಕ ತಾಮ್ರಕ್ಕೂ ಇದೇ ಲೆಕ್ಕ ಮಾಡಿ ನೋಡಿ. ಈ ಹಂತವನ್ನು ಬಿಡಬೇಡಿ. ಉತ್ತರ 64 ಗಿಗಾಪಾಸ್ಕಲ್ ಬರುತ್ತದೆ, ಅಳೆದದ್ದು ಸುಮಾರು 140. ತಾಮ್ರದಲ್ಲಿ ತುಂಬಿದ ಡಿ-ಕವಚಗಳು, ಅಂದರೆ ಪರಮಾಣುವಿನ ಒಳಗಿನ ಎಲೆಕ್ಟ್ರಾನ್ ಪದರಗಳು, ಒಂದಕ್ಕೊಂದು ತಾಗುವಷ್ಟು ಹತ್ತಿರವಿರುವುದರಿಂದ, ಅರ್ಧಕ್ಕಿಂತ ಹೆಚ್ಚು ಬಿಗಿತಕ್ಕೆ ವಾಹಕ ಎಲೆಕ್ಟ್ರಾನುಗಳು ಕಾರಣವಲ್ಲ.

ಒತ್ತಡದ ಪರಿಣಾಮ ತಿಳಿಯಲು, ಒತ್ತಿದ ಮೇಲಿನ ಗಾತ್ರಕ್ಕೂ ಮೊದಲಿನ ಗಾತ್ರಕ್ಕೂ ಇರುವ ಅನುಪಾತವನ್ನು −5/3 ಘಾತಕ್ಕೆ ಏರಿಸಿ. ಗಾತ್ರ ಶೇ. 10ರಷ್ಟು ಕುಗ್ಗಿದರೆ ಎಲೆಕ್ಟ್ರಾನುಗಳ ಪಾಲು ಶೇ. 19ರಷ್ಟು ಹೆಚ್ಚುತ್ತದೆ. ಸೆಳೆತದ ಪಾಲು −4/3 ಘಾತದಂತೆ ನಿಧಾನವಾಗಿ ಬೆಳೆಯುವುದರಿಂದ, ಒತ್ತಿದಷ್ಟೂ ಎಲೆಕ್ಟ್ರಾನುಗಳ ಕೈ ಮೇಲಾಗುತ್ತದೆ.

ಕಾಲೇಜಿನ ಪ್ರಯೋಗಾಲಯದಲ್ಲಿ ಸೀಮೆಎಣ್ಣೆಯಿಂದ ತೆಗೆದ ಸೋಡಿಯಂ ಚಾಕುವಿಗೆ ಬೆಣ್ಣೆಯಂತೆ ಕತ್ತರಿಸಿಕೊಳ್ಳುತ್ತದೆ, ಆದರೆ ಅದನ್ನು ಈ ಲೆಕ್ಕಕ್ಕೆ ಹೋಲಿಸಬಾರದು. ಅಲ್ಲಿ ಪದರಗಳು ಒಂದರ ಮೇಲೊಂದು ಜಾರುತ್ತವೆ, ಲೋಹದೊಳಗೆ ಅನಿಲದಂತೆ ಹರಡಿರುವ ವಾಹಕ ಎಲೆಕ್ಟ್ರಾನುಗಳಿಗೆ ಜಾರುವಿಕೆಯನ್ನು ತಡೆಯುವ ಶಕ್ತಿಯಿಲ್ಲ. ಇನ್ನು ಅತಿ ಹೆಚ್ಚಿನ ಒತ್ತಡಕ್ಕೂ ಈ ಸೂತ್ರ ಸಲ್ಲದು: ಸುಮಾರು 200 ಗಿಗಾಪಾಸ್ಕಲ್‌ನಲ್ಲಿ ಸೋಡಿಯಂ ಪಾರದರ್ಶಕವಾಗುವುದನ್ನು 2009ರಲ್ಲಿ ವರದಿ ಮಾಡಲಾಯಿತು. ಅಲ್ಲಿ ಎಲೆಕ್ಟ್ರಾನುಗಳು ಅಯಾನುಗಳ ನಡುವಿನ ಸಂದುಗಳಲ್ಲಿ ಸಿಕ್ಕಿಕೊಂಡಿರುತ್ತವೆ, ವಾಹಕಗಳಾಗಿ ಉಳಿದಿರುವುದಿಲ್ಲ.