ಹೋದ ವರ್ಷದ ಲೆಕ್ಕಕ್ಕೆ ಕೂರುವ ಮುಂಚೆ ಹಳೇ ಕ್ಯಾಲೆಂಡರ್ ಎತ್ತಿಡಿ

ಗೋಡೆಯ ಮೇಲಿದ್ದ ಹಳೇ ಕ್ಯಾಲೆಂಡರ್ ಇನ್ನೂ ಮನೆಯಲ್ಲಿದ್ದರೆ ಮೊದಲು ಅದನ್ನು ಎತ್ತಿಡಿ. ಹೋದ ವರ್ಷ ಏನೇನಾಯಿತು ಅಂತ ಕೂತು ಬರೆದು ಲೆಕ್ಕ ನೋಡೋಕೆ ಅದು ಬೇಕಾಗುತ್ತದೆ. ನಮ್ಮ ಮನೆಯಲ್ಲಿ ಜನವರಿ ಬಂತು ಅಂದರೆ ಅದರ ಹಾಳೆಗಳು ಅಡುಗೆಮನೆ ಡಬ್ಬಿಗಳ ಕೆಳಗೆ ಹೋಗುತ್ತವೆ, ಇಲ್ಲವೇ ಮಕ್ಕಳ ಪುಸ್ತಕಕ್ಕೆ ಬೈಂಡ್ ಆಗುತ್ತವೆ. ಈ ಸಲ ನಾನು ಅಡ್ಡ ನಿಂತು ಉಳಿಸಿಕೊಂಡೆ. ಉಳಿಸಿಕೊಂಡಿದ್ದೇ ಒಳ್ಳೆಯದಾಯಿತು.

2025 ನನ್ನ ಪಾಲಿಗೆ ಏಳುಬೀಳಿನ ವರ್ಷ. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಓಡಾಡಿಕೊಂಡು ಮಾಡುತ್ತಿದ್ದ ಕೆಲಸ ಜುಲೈಯಲ್ಲಿ ಹೋಯಿತು. ಮುಂದಿನ ತಿಂಗಳೇ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಹಳೇ ಗೆಳೆಯನೊಬ್ಬ ಮಾತು ಬಿಟ್ಟ. ಡಿಸೆಂಬರಲ್ಲಿ ಯಾರಾದರೂ ವರ್ಷ ಹೇಗಿತ್ತು ಅಂತ ಕೇಳಿದರೆ, "ಬೇಡ ಬಿಡಿ, ಎರಡು ತಿಂಗಳು ಆಸ್ಪತ್ರೆಯಲ್ಲೇ ಕಳೆಯಿತು" ಅನ್ನುತ್ತಿದ್ದೆ.

ಆಮೇಲೆ ಕ್ಯಾಲೆಂಡರ್ ತೆಗೆದು ನೋಡಿದೆ. ಮನೆಗೆ ಹಾಲು ಬೇಡ ಅಂದ ದಿನಕ್ಕೆ ನಾವು ಅಡ್ಡಗೆರೆ ಎಳೆಯುತ್ತೇವೆ, ತಿಂಗಳ ಕೊನೆಗೆ ಹಾಲಿನವನ ಲೆಕ್ಕಕ್ಕೆ ಬೇಕಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದ ಆಗಸ್ಟಲ್ಲಿ ಇದ್ದ ಅಡ್ಡಗೆರೆ 9. ಅಷ್ಟೇ. ಎರಡು ತಿಂಗಳು ಅಂತ ದೇವರ ಮುಂದೆ ಪ್ರಮಾಣ ಮಾಡಿ ಹೇಳುತ್ತಿದ್ದೆ ನಾನು! ಇನ್ನೊಂದು ಕಡೆ ಮೇ ತಿಂಗಳಲ್ಲಿ 4 ಅಡ್ಡಗೆರೆ. ಏನಪ್ಪಾ ಇದು ಅಂತ ಫೋನಿನ ಫೋಟೋ ಹುಡುಕಿದರೆ ತಂಗಿ ಮಗುವಿನ ನಾಮಕರಣ, ಚಿಕ್ಕಮಗಳೂರಲ್ಲಿ. ನಾಲ್ಕು ದಿನ ಎಲ್ಲರೂ ಒಟ್ಟಿಗಿದ್ದೆವು. ಅಮ್ಮ ಅಲ್ಲಿನ ಮೆಟ್ಟಿಲು ಹತ್ತಿ ಇಳಿದು ಓಡಾಡುತ್ತಿರುವ ಒಂದು ವಿಡಿಯೋ ಕೂಡ ಇದೆ. ಅದು ಪೂರ್ತಿ ಮರೆತೇಹೋಗಿತ್ತು.

ಇದು ನನ್ನೊಬ್ಬನ ಮರೆವಲ್ಲ. 1993ರಲ್ಲಿ ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ಕಾನೆಮನ್ ಮತ್ತು ಜೊತೆಯವರು ಒಂದು ಪ್ರಯೋಗ ಮಾಡಿದ್ದರು. ಒಂದು ಸಲ 14 ಡಿಗ್ರಿ ತಣ್ಣೀರಲ್ಲಿ 60 ಸೆಕೆಂಡ್ ಕೈ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡ್ ಆದಮೇಲೆ ಇನ್ನೂ 30 ಸೆಕೆಂಡ್ ಇಡಬೇಕು, ಆದರೆ ಆ ಹೊತ್ತಲ್ಲಿ ನೀರನ್ನು ನಿಧಾನಕ್ಕೆ 15 ಡಿಗ್ರಿಗೆ ಬಿಸಿ ಮಾಡುತ್ತಾರೆ. ಯಾವುದನ್ನು ಮತ್ತೆ ಮಾಡ್ತೀರಿ ಅಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿಕೊಂಡರು. ಅಂದರೆ ಎಷ್ಟು ಹೊತ್ತು ನೋವಾಯಿತು ಅನ್ನೋದು ಮನಸ್ಸಿನ ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ. ಎಲ್ಲಕ್ಕಿಂತ ಜೋರಾಗಿ ನೋವಾದ ಗಳಿಗೆ, ಆಮೇಲೆ ಕೊನೆಯ ಗಳಿಗೆ, ಹೆಚ್ಚಾಗಿ ಇವೆರಡೇ ಉಳಿಯುವುದು. ವರ್ಷದ ವಿಷಯದಲ್ಲೂ ನಾವು ಮಾಡುವುದು ಹೆಚ್ಚುಕಮ್ಮಿ ಇದನ್ನೇ ಅಂತ ನನಗನ್ನಿಸುತ್ತದೆ. ಅದಕ್ಕೇ ಹೇಳಿದ್ದು, ನೆನಪಿನಿಂದ ಶುರು ಮಾಡಬೇಡಿ, ಕಾಗದದಿಂದ ಶುರು ಮಾಡಿ.

ಯಾವಾಗ ಕೂರಬೇಕು

ಡಿಸೆಂಬರ್ 31ರ ರಾತ್ರಿ ಅಂತೂ ಬೇಡ. ಅವತ್ತು ಎಲ್ಲರ ಸ್ಟೇಟಸ್ ನೋಡಿ ನೋಡಿ ನಮ್ಮ ವರ್ಷ ಇನ್ನೂ ಕೆಟ್ಟದಾಗಿ ಕಾಣುತ್ತದೆ. ನಾನು ಯುಗಾದಿಯಿಂದ ಯುಗಾದಿಗೆ ಲೆಕ್ಕ ಹಿಡಿಯುತ್ತೇನೆ. ಬೇವುಬೆಲ್ಲದ ಮಾತನ್ನು ಇಲ್ಲಿ ಎತ್ತುವುದಿಲ್ಲ, ಅದನ್ನು ಹಬ್ಬದ ದಿನ ಎಲ್ಲರೂ ಫಾರ್ವರ್ಡ್ ಮಾಡಿ ಮುಗಿಸಿರುತ್ತಾರೆ. ನನ್ನ ಕಾರಣ ಬೇರೆ. ಅವತ್ತು ಸಂಜೆ ಪಂಚಾಂಗ ಓದುವಾಗ ಒಂದೊಂದು ರಾಶಿಗೂ ಮುಂದಿನ ವರ್ಷದ ಆಯ ಇಷ್ಟು, ವ್ಯಯ ಇಷ್ಟು ಅಂತ ಹೇಳುತ್ತಾರಲ್ಲ, ಅದನ್ನು ಕೇಳುತ್ತಾ ಒಂದು ಸಲ ಅನ್ನಿಸಿತು: ಬರೋ ವರ್ಷದ್ದನ್ನು ಇಷ್ಟು ಆಸೆಯಿಂದ ಕೇಳುತ್ತೇವೆ, ಹೋದ ವರ್ಷದ ಆಯವ್ಯಯ ಯಾರೂ ಓದುವುದಿಲ್ಲವಲ್ಲ. ಅಂದಿನಿಂದ ಹಬ್ಬ ಆದಮೇಲೆ ಬರುವ ಭಾನುವಾರ ಕೂರುತ್ತೇನೆ. ಮಾರ್ಚ್ 31ಕ್ಕೆ ಬ್ಯಾಂಕಿನ ವರ್ಷವೂ ಮುಗಿಯುವುದರಿಂದ ಹೇಗೂ ಆ ಕಾಗದಗಳು ಕೈಯಲ್ಲಿರುತ್ತವೆ.

ವಿಶ್ವಾವಸು ಸಂವತ್ಸರ 2025ರ ಮಾರ್ಚ್ 30ಕ್ಕೆ ಶುರುವಾಗಿ ಈ ಮಾರ್ಚ್ 18ಕ್ಕೆ ಮುಗಿಯಿತು, ಒಟ್ಟು 354 ದಿನ. ಲೆಕ್ಕ ಒಪ್ಪಿಸಲು 11 ದಿನ ಕಮ್ಮಿ, ಅದೂ ಒಂದು ಲಾಭವೇ. ಈಗ ಬಂದಿರುವ ಸಂವತ್ಸರದ ಹೆಸರು ಪರಾಭವ, ಅಂದರೆ ಸೋಲು. ಹೆಸರು ಕೇಳಿ ಬೆಚ್ಚಬೇಡಿ, 60 ವರ್ಷಕ್ಕೊಮ್ಮೆ ಸರದಿ ಪ್ರಕಾರ ಬರುವ ಹೆಸರು ಅದು. 1966ರಲ್ಲೂ ಇದೇ ಇತ್ತು, ನಮ್ಮಮ್ಮ ಹುಟ್ಟಿದ್ದು ಆ ವರ್ಷವೇ.

ನಿಮಗೆ ಹುಟ್ಟುಹಬ್ಬ ಅನುಕೂಲವಾದರೆ ಹುಟ್ಟುಹಬ್ಬ. ಯಾವ ದಿನದಿಂದ ಯಾವ ದಿನದವರೆಗೆ ಅನ್ನುವುದು ಮೊದಲೇ ಗಟ್ಟಿಯಾಗಿರಲಿ. ಇಲ್ಲದಿದ್ದರೆ ಹಿಂದಿನ ವರ್ಷದ ಜಗಳವೆಲ್ಲ ಈ ವರ್ಷದ ಖಾತೆಗೆ ಬಂದು ಬೀಳುತ್ತದೆ.

ಕೂರುವಾಗ ಮುಂದೆ ಏನೇನು ಇರಬೇಕು

ಕ್ಯಾಲೆಂಡರ್ ಹೇಳಿದೆ. ಎರಡನೆಯದು ಬ್ಯಾಂಕ್ ಸ್ಟೇಟ್‌ಮೆಂಟ್. ಫೋನ್‌ಪೇ, ಗೂಗಲ್ ಪೇ ಒಳಗೂ ಹಳೇ ಪಟ್ಟಿ ಸಿಗುತ್ತದೆ, ಸ್ವಲ್ಪ ಬೆರಳು ನೋಯುವಷ್ಟು ಕೆಳಗೆ ಎಳೆಯಬೇಕು. ದೊಡ್ಡ ಮೊತ್ತಗಳನ್ನು ಬಿಡಿ, ಅವು ಹೇಗೂ ನೆನಪಿರುತ್ತವೆ. 20, 40, 60 ರೂಪಾಯಿಗಳನ್ನು ನೋಡಿ. ಆಗಸ್ಟ್ ಸೆಪ್ಟೆಂಬರಲ್ಲಿ ನನ್ನ ಪಟ್ಟಿಯ ತುಂಬಾ ಮೆಡಿಕಲ್ ಸ್ಟೋರ್. ಅವುಗಳ ನಡುವೆ ದಿನ ಬಿಟ್ಟು ದಿನ ಬೆಳಗ್ಗೆ ಒಂದೇ ಹೋಟೆಲಿಗೆ ಇಬ್ಬರ ಇಡ್ಲಿ ಕಾಫಿ ದುಡ್ಡು. ಅಣ್ಣ ರಾತ್ರಿ ಪಾಳಿ ಮುಗಿಸಿ ನೇರ ಬರುತ್ತಿದ್ದ, ಅಮ್ಮನ ಹತ್ತಿರ ಹೋಗುವ ಮುಂಚೆ ಇಬ್ಬರೂ ಅಲ್ಲಿ ಕೂತು ತಿಂದು ಹೋಗುತ್ತಿದ್ದೆವು. ಅವನ ಜೊತೆ ನಾನು ಅಷ್ಟು ಮಾತಾಡಿದ್ದು ಹೈಸ್ಕೂಲ್ ಆದಮೇಲೆ ಅದೇ ಮೊದಲು. ಈಗ ಆ ತಿಂಗಳುಗಳನ್ನು ಬರೀ ಕೆಟ್ಟವು ಅಂತ ಹೇಗೆ ಹೇಳೋದು, ಹೇಳಿ?

ಮೂರನೆಯದು ಫೋಟೋ, ತಿಂಗಳ ಪ್ರಕಾರ. ನಾಲ್ಕನೆಯದು ವಾಟ್ಸಾಪ್. ಫೋನಿನ ಕಾಲ್ ಲಿಸ್ಟ್ ಅಷ್ಟು ಹಿಂದಕ್ಕೆ ಹೋಗದೆ ಇರಬಹುದು. ಆದರೆ ಚಾಟ್ ಅಳಿಸದಿದ್ದರೆ ವಾಟ್ಸಾಪಿನ ಮಿಸ್ಡ್ ಕಾಲ್‌ಗಳು ಅದರೊಳಗೆ ಹಾಗೇ ಕೂತಿರುತ್ತವೆ. ಇದನ್ನು ನೋಡುವಾಗ ಸ್ವಲ್ಪ ಎದೆ ಗಟ್ಟಿ ಮಾಡಿಕೊಳ್ಳಿ. ಯಾಕೆ ಅನ್ನೋದು ಮುಂದೆ ಬರುತ್ತದೆ.

ಬರೆಯುವುದು ಹೇಗೆ

ಒಂದು ಲಾಂಗ್ ಬುಕ್ ಸಾಕು, ತಿಂಗಳಿಗೊಂದು ಪುಟ. ಮೊದಲ ಸುತ್ತಿನಲ್ಲಿ ಬರೀ ನಡೆದದ್ದು ಬರೆಯಿರಿ. ದರಿದ್ರ ತಿಂಗಳು, ಸೂಪರ್ ವಾರ, ಇಂಥ ಮಾತು ಬೇಡ. "ಜುಲೈ 14, ಸೋಮವಾರ, ಕೆಲಸದಿಂದ ತೆಗೆದರು. ಪಾಸ್ ಇನ್ನೂ 12 ದಿನ ಇತ್ತು." ಇಷ್ಟು ಸಾಕು. ತೀರ್ಪು ಮೊದಲೇ ಬರೆದುಬಿಟ್ಟರೆ ಆಮೇಲೆ ಅದಕ್ಕೆ ಹೊಂದುವ ಸಾಕ್ಷಿಯನ್ನೇ ಹುಡುಕುತ್ತಾ ಹೋಗುತ್ತೇವೆ.

ಎರಡನೇ ಸುತ್ತಿನಲ್ಲಿ ಒಂದೊಂದರ ಪಕ್ಕವೂ ಗುರುತು ಹಾಕಿ: ಇದು ನನಗೆ ಆಗಿದ್ದಾ, ನಾನು ಮಾಡಿದ್ದಾ. ಕೇಳೋಕೆ ಸುಲಭ ಅನ್ನಿಸುತ್ತದೆ, ಆದರೆ ಜಾಸ್ತಿ ಹೊತ್ತು ಹಿಡಿಯುವುದು ಇಲ್ಲೇ. ಕೆಲಸ ಹೋಗಿದ್ದು ನನಗೆ ಆಗಿದ್ದು. ಮಾರನೇ ದಿನದಿಂದಲೇ ಬೇರೆ ಕೆಲಸ ಹುಡುಕಿದೆ ಅಂತ ನಾನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಮೇಲ್ ತೆಗೆದು ನೋಡಿದರೆ ಮೊದಲ ಅರ್ಜಿ ಹೋಗಿರುವುದು ಸೆಪ್ಟೆಂಬರ್ 2ಕ್ಕೆ. ಆಗಸ್ಟಲ್ಲಿ ಅಮ್ಮನ ಓಡಾಟ, ಅದು ಸರಿ. ಜುಲೈ ಕೊನೆಯ ಎರಡು ವಾರ? ಸುಮ್ನೆ ಮಲಗಿದ್ದೆ. ಅದನ್ನೂ ಬರೆದೆ. ಬೈದುಕೊಳ್ಳೋಕೆ ಅಲ್ಲ, ಹೊಡೆತ ಬಿದ್ದಾಗ ನನಗೆ ಎದ್ದು ನಿಲ್ಲೋಕೆ ಎರಡು ವಾರ ಬೇಕು ಅಂತ ಗೊತ್ತಾಯಿತಲ್ಲ. ಮುಂದಿನ ಸಲ ಯಾರಾದರೂ ಮೂರನೇ ದಿನಕ್ಕೇ ಏನಪ್ಪಾ ಮುಂದೆ ಅಂತ ಕೇಳಿದರೆ ಎರಡು ವಾರ ಬಿಟ್ಟು ಹೇಳ್ತೀನಿ ಅನ್ನಬಹುದು.

ಆಮೇಲೆ ಒಂದೊಂದರ ಪಕ್ಕ ಇದು ಏಳಾ, ಬೀಳಾ ಅಂತಲೂ ಗುರುತು ಹಾಕಿ. ಕೆಲವು ಸಂಗತಿಗಳಿಗೆ ಆ ಗುರುತು ಹಾಕೋಕೆ ಆಗುವುದೇ ಇಲ್ಲ. ನವೆಂಬರಲ್ಲಿ ತುಮಕೂರಲ್ಲೇ ಕೆಲಸ ಸಿಕ್ಕಿತು, ಸಂಬಳ 6,000 ಕಮ್ಮಿ. ರೈಲಿಗೆ ಹೋಗುತ್ತಿದ್ದ ದಿನಕ್ಕೆ ಮೂರು ಗಂಟೆ ಉಳಿಯಿತು. ಇದು ಏಳೋ ಬೀಳೋ? ಪೆನ್ನು ಹಿಡಿದು ತುಂಬಾ ಹೊತ್ತು ಕೂತಿದ್ದೆ. ಕೊನೆಗೆ ಪಕ್ಕದಲ್ಲಿ ಏನೂ ಹಾಕದೆ ಬಿಟ್ಟೆ. ನೀವೂ ಬಿಡಿ, ಯಾರೂ ಮಾರ್ಕ್ಸ್ ಹಾಕುವುದಿಲ್ಲ.

ಒಂದು ತಿಂಗಳ ಪುಟ ತೆರೆದರೆ ಕೈ ಮುಂದೆ ಹೋಗದೇ ಇದ್ದರೆ, ಸಾವೋ ಮನೆ ಮುರಿದದ್ದೋ ಅಂಥದ್ದಿದ್ದರೆ, ಆ ಪುಟವನ್ನು ಅವತ್ತಿಗೆ ಮುಚ್ಚಿ. ಬೇರೆ ವಾರ ತೆಗೆದುಕೊಳ್ಳಿ, ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಅದೊಂದನ್ನೇ ಬರೆಯಿರಿ, ಏನಾಯಿತು ಅನ್ನೋದರ ಜೊತೆ ಹೇಗನ್ನಿಸಿತು ಅನ್ನೋದನ್ನೂ. ಈ ಅಳತೆ ನನ್ನದಲ್ಲ. 1986ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಅಮೆರಿಕದ ವಿದ್ಯಾರ್ಥಿಗಳಿಂದ ಹೀಗೇ ಬರೆಸಿದ್ದರು. ಬರೆದ ಕೂಡಲೇ ಅವರಿಗೆ ಬೇಜಾರು ಜಾಸ್ತಿಯೇ ಆಯಿತು, ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಬೇರೆ ಸಾಮಾನ್ಯ ವಿಷಯ ಬರೆದವರಿಗಿಂತ ಕಮ್ಮಿ. ಹಾಗಾಗಿ ಮೊದಲ ದಿನ ಅಳು ಬಂದರೆ ಗಾಬರಿ ಬೇಡ. ಬರೆದಷ್ಟೂ ನಿದ್ದೆ ಕೆಡುತ್ತಿದ್ದರೆ, ಬದುಕೇ ಸಾಕು ಅನ್ನಿಸುತ್ತಿದ್ದರೆ ಪುಸ್ತಕ ಬದಿಗಿಟ್ಟು 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಅದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಬಾಕಿ ಪುಟ

ನನ್ನ ಪ್ರಕಾರ ಇಷ್ಟೆಲ್ಲ ಮಾಡುವುದೇ ಈ ಒಂದು ಪುಟಕ್ಕಾಗಿ. ಲಾಂಗ್ ಬುಕ್ಕಿನ ಕೊನೆಯ ಪುಟದಲ್ಲಿ ಬಾಕಿ ಅಂತ ಬರೆದು, 12 ತಿಂಗಳನ್ನೂ ಮತ್ತೊಮ್ಮೆ ತಿರುವಿ, ಯಾರಿಗೆ ಏನು ಕೊಡಬೇಕಾಗಿದೆ ಅನ್ನೋದನ್ನು ಇಳಿಸುತ್ತಾ ಬನ್ನಿ. ದುಡ್ಡು, ಪುಸ್ತಕ, ಪಾತ್ರೆ, ಮಾತು, ಎಲ್ಲ. ಬೇರೆಯವರು ನಿಮಗೆ ಕೊಡಬೇಕಾದ್ದನ್ನು ಇಲ್ಲಿ ಬರೆಯಬೇಡಿ. ಅದು ಹೇಗೂ ಬಾಯಿಪಾಠ ಇರುತ್ತದೆ.

ಮಾತು ಬಿಟ್ಟ ಗೆಳೆಯ ಅಂದೆನಲ್ಲ. ಕಷ್ಟದಲ್ಲಿದ್ದಾಗ ಒಂದು ಫೋನೂ ಮಾಡಲಿಲ್ಲ ಅಂತ ಅವನ ಮೇಲೆ ನನಗೆ ಸಿಟ್ಟು. ಚಾಟ್ ಮೇಲಕ್ಕೆ ಎಳೆದು ನೋಡಿದರೆ ಆಗಸ್ಟ್ 11ರಿಂದ 19ರೊಳಗೆ ಅವನ ಮಿಸ್ಡ್ ಕಾಲ್ 5 ಇವೆ. ಕೆಳಗೆ ಅಮ್ಮ ಹೇಗಿದ್ದಾರೆ ಅನ್ನುವ ಮೆಸೇಜ್. ಅದಕ್ಕೆ ನನ್ನ ಉತ್ತರ ಇಲ್ಲ. ಆ ಭಾನುವಾರ ಇಡೀ ನನ್ನ ಮುಖ ನನಗೇ ನೋಡೋಕೆ ಆಗಲಿಲ್ಲ. ಸೋಮವಾರ ಫೋನ್ ಮಾಡಿದೆ, ಎತ್ತಲಿಲ್ಲ. ಎರಡು ದಿನ ಬಿಟ್ಟು ಅವನೇ ಮಾಡಿದ. ಮೊದಲಿನ ಹಾಗೆ ಇಲ್ಲ ಇನ್ನೂ, ಒಂದೊಂದು ಮಾತಿಗೂ ನಡುವೆ ಸ್ವಲ್ಪ ಜಾಗ ಇದೆ.

ಇನ್ನೊಂದು ಬಾಕಿ ಸಿಕ್ಕಿದ್ದು ಕ್ಯಾಲೆಂಡರಿನ ಆಗಸ್ಟ್ ಹಾಳೆಯ ಹಿಂದೆ, ಅಮ್ಮನ ಅಕ್ಷರದಲ್ಲಿ: "ಎದುರುಮನೆ ಅಕ್ಕ, ಆಟೋ 350." ಅಮ್ಮ ಬಿದ್ದ ರಾತ್ರಿ ಆಟೋದವನಿಗೆ ಚಿಲ್ಲರೆ ಕೊಟ್ಟವರು ಅವರು. ಕೈಯಲ್ಲಿ ಕೊಟ್ಟ ದುಡ್ಡು, ಹಾಗಾಗಿ ಯಾವ ಸ್ಟೇಟ್‌ಮೆಂಟಲ್ಲೂ ಇಲ್ಲ. ಅಮ್ಮ ಮನೆಗೆ ಬಂದಮೇಲೆ ಬರೆದಿಟ್ಟು ನನಗೆ ಹೇಳೋಕೆ ಮರೆತಿದ್ದಾಳೆ. ಮೊನ್ನೆ ಕೊಡಲು ಹೋದರೆ, "ಇಷ್ಟು ದಿನ ಆದಮೇಲೆ ಲೆಕ್ಕ ತೀರಿಸೋಕೆ ಬಂದ್ಯೇನೋ" ಅಂತ ಬೈದು, ದುಡ್ಡು ಮುಟ್ಟದೆ, ಸ್ಟೀಲ್ ಡಬ್ಬಿ ತುಂಬಾ ಕೋಡುಬಳೆ ಕೊಟ್ಟು ಕಳಿಸಿದರು. ಕೋಡುಬಳೆ ಎರಡೇ ದಿನಕ್ಕೆ ಮುಗಿಯಿತು. ಡಬ್ಬಿ ಖಾಲಿ ವಾಪಸ್ ಕೊಡುವ ಹಾಗಿಲ್ಲ, ಅದರಲ್ಲಿ ಏನು ಹಾಕಿ ಕಳಿಸೋದು ಅಂತ ಅಮ್ಮ ವಾಕರ್ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದಾಳೆ. ನಾನು ಹೊಸ ಕ್ಯಾಲೆಂಡರಲ್ಲಿ ಬರೆದಿಟ್ಟಿದ್ದೇನೆ: ಎದುರುಮನೆ ಅಕ್ಕ, ಡಬ್ಬಿ 1.