ಅಮೆರಿಕದ ಡಬ್ಬಿ ಹುಬ್ಬಳ್ಳಿಯ ಬಾಕ್ಸ್‌ಎನ್ ಆಗಿದ್ದು ಹೀಗೆ

ನಮ್ಮ ಮನೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ರಾತ್ರಿ ಗೂಡ್ಸ್ ಗಾಡಿ ಹೋದರೆ ಮಲಗಿದಲ್ಲೇ ಗೊತ್ತಾಗುತ್ತದೆ, ತುಂಬಿದ್ದೋ ಖಾಲಿಯೋ ಅಂತ. ತುಂಬಿದ್ದು ಗುಡುಗುಡು ಅನ್ನುತ್ತದೆ, ಖಾಲಿಯದ್ದು ಖಡಖಡ. ಗೋವಾದ ಮುರ್ಮಗೋವಾ ಬಂದರಿನಲ್ಲಿ ಕಲ್ಲಿದ್ದಲು ತುಂಬಿಕೊಂಡು, ಕ್ಯಾಸಲ್‌ರಾಕ್ ಘಟ್ಟ ಹತ್ತಿ, ಲೋಂಡಾ ದಾಟಿ, ಹುಬ್ಬಳ್ಳಿ ಗದಗ ಮೇಲೆ ತೋರಣಗಲ್ಲಿನ ಕಡೆ ಹೋಗುವ ಗಾಡಿಗಳು ಇವು. ಇವುಗಳ ಮೇಲೆ ತೆರೆದ ಡಬ್ಬಿಗೆ ಬಾಕ್ಸ್‌ಎನ್ ಅಂತ ಹೆಸರು. ನನ್ನ ಮಾಡೆಲ್ ಹಳಿ ಮೇಲೆ ಓಡಬೇಕಾದದ್ದು ಈ ಗಾಡಿಯೇ, ಬೇರೆ ಯಾವುದೂ ಅಲ್ಲ.

ಕೈಗೆ ಸಿಕ್ಕಿದ್ದು ಮಾತ್ರ ಎಚ್‌ಒ ಅಳತೆಯ ಅಮೆರಿಕದ ಗೊಂಡೊಲಾ, ಅಂದರೆ ಮೇಲೆ ತೆರೆದ ಗೂಡ್ಸ್ ಡಬ್ಬಿಗಳು. ಎಚ್‌ಒ ಅಂದರೆ ನಿಜವಾದದ್ದರ 87ನೇ ಒಂದು ಭಾಗ. ಮೊದಲ ಡಬ್ಬಿಗೆ ಸುಮ್ನೆ ಕೆಂಗಂದು ಬಣ್ಣ ಬಳಿದು ನೋಡಿದೆ. ಒಂದು ನಿಮಿಷವೂ ನಂಬಿಕೆ ಬರಲಿಲ್ಲ. ಬಣ್ಣದಲ್ಲಿ ತಪ್ಪಿರಲಿಲ್ಲ, ಆಕಾರದಲ್ಲಿತ್ತು. ಗೊಂಡೊಲಾ ಉದ್ದ, ತಗ್ಗು. ನಮ್ಮ ಬಾಕ್ಸ್‌ಎನ್ ಗಿಡ್ಡ, ಎತ್ತರ.

ಅಳತೆ ಹಿಡಿದು ಕೂತಾಗ ಎಲ್ಲ ಸ್ಪಷ್ಟವಾಯಿತು. ಬಾಕ್ಸ್‌ಎನ್‌ನ ಪೆಟ್ಟಿಗೆ 9784 ಮಿ.ಮೀ. ಉದ್ದ. 87ರಿಂದ ಭಾಗಿಸಿದರೆ 112.5. ನನ್ನ ಡಬ್ಬಿ 140 ಇತ್ತು. ಒಳಗಿನ ಎತ್ತರ 1950, ಅಂದರೆ ಮಾಡೆಲ್‌ನಲ್ಲಿ 22.4. ನನ್ನ ಡಬ್ಬಿಯ ಗೋಡೆ 16 ಮಾತ್ರ. ಆದ್ದರಿಂದ ಗೋಡೆಗಳನ್ನೆಲ್ಲ ತೆಗೆದುಹಾಕಿ, ತಳವನ್ನು ಮಾತ್ರ ಇಟ್ಟುಕೊಂಡೆ.

ತಳದ ನಡುವಿನಿಂದ 27.5 ಮಿ.ಮೀ. ತುಂಡು ತೆಗೆದು ಎರಡು ತುದಿ ಕೂಡಿಸಬೇಕು. ಅಕ್ಕಸಾಲಿಗರು ಬಳಸುವ ಸಣ್ಣ ಗರಗಸ ತಂದೆ. ಮೊದಲನೆಯದನ್ನು ಗೆರೆಯ ಮೇಲೇ ಕೊಯ್ದೆ. ಗರಗಸ ತಿಂದ ಭಾಗ, ಆಮೇಲೆ ಉಜ್ಜಿದ್ದು ಎಲ್ಲ ಸೇರಿ ಒಂದು ಮಿಲಿಮೀಟರ್ ಕಡಿಮೆಯಾಯಿತು. ಎರಡನೆಯದರಿಂದ ಗೆರೆಯ ಆಚೆ ಅರ್ಧ ಮಿಲಿಮೀಟರ್ ಬಿಟ್ಟು ಕೊಯ್ದು, ಗಾಜಿನ ಮೇಲೆ ಪಾಲಿಶ್ ಪೇಪರ್ ಅಂಟಿಸಿ ಅದರ ಮೇಲೆ ಉಜ್ಜಿ ಗೆರೆಗೆ ತಂದೆ. ಕೂಡಿಸುವಾಗಲೂ ಅದೇ ಗಾಜಿನ ಮೇಲೆ, ತಳದ ಪಕ್ಕ ಮೂಲೆಮಟ್ಟ ಇಟ್ಟು ಕೂಡಿಸಿದೆ. ಒಂದು ರಾತ್ರಿ ಪೂರ್ತಿ ಮುಟ್ಟಲಿಲ್ಲ. ತಳ ಸ್ವಲ್ಪ ತಿರುಚಿದರೂ ಒಂದು ಚಕ್ರ ಹಳಿ ಬಿಟ್ಟು ಮೇಲೇಳುತ್ತದೆ. ಅದಕ್ಕೊಂದು ಉಪಾಯವೂ ಇದೆ: ಒಂದು ಬೋಗಿಯ ಸ್ಕ್ರೂ ಬರೀ ತಿರುಗುವಷ್ಟು ಬಿಗಿ, ಇನ್ನೊಂದರದ್ದು ಅಕ್ಕಪಕ್ಕ ಓಲಾಡುವಷ್ಟು ಸಡಿಲ.

ಬೋಗಿ ಅಂದೆ. ನಾವು ಇಡೀ ಡಬ್ಬಿಗೇ ಬೋಗಿ ಅಂತೀವಿ, ಅಲ್ವಾ? ರೈಲ್ವೆಯವರಿಗೆ ಬೋಗಿ ಅಂದರೆ ಡಬ್ಬಿಯ ಕೆಳಗೆ ನಾಲ್ಕು ಚಕ್ರ ಹಿಡಿದ ಚೌಕಟ್ಟು. ಬಾಕ್ಸ್‌ಎನ್‌ನ ಕ್ಯಾಸ್ನಬ್ ಬೋಗಿ ಮೂರು ಎರಕದ ಭಾಗಗಳದ್ದು, ಅಮೆರಿಕದ ಬೋಗಿಯ ದಾಯಾದಿಯಂತೆ ಕಾಣುತ್ತದೆ. ಅದಕ್ಕೇ ಅದನ್ನು ಬದಲಿಸಲಿಲ್ಲ. ಚಕ್ರ ಮಾತ್ರ ಬದಲಿಸಿದೆ. ನಮ್ಮದು 1000 ಮಿ.ಮೀ., ಅಂದರೆ 11.5. ಚೌಕಟ್ಟಿನೊಳಗೆ ಕೂತದ್ದು 10.5ರದ್ದು. ಕೊಕ್ಕೆಯಲ್ಲೂ ಅನುಕೂಲವಾಯಿತು, ಬಾಕ್ಸ್‌ಎನ್‌ಗೆ ಪಕ್ಕದಲ್ಲಿ ಗುದ್ದು ತಾಳುವ ಬಫರ್ ಇಲ್ಲ, ಅಮೆರಿಕದ ಡಬ್ಬಿಯ ಹಾಗೆಯೇ ನಡುವಿನ ಕಪ್ಲರ್ ಒಂದೇ. ಹಳಿಯ ಅಗಲದಲ್ಲಿ ರಾಜಿಯಾದೆ. ನಮ್ಮ ಬ್ರಾಡ್‌ಗೇಜ್ ಈ ಅಳತೆಯಲ್ಲಿ 19.3 ಮಿ.ಮೀ. ಆಗಬೇಕು, ಎಚ್‌ಒ ಹಳಿ 16.5. ಪಕ್ಕದಿಂದ ನೋಡಿದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಗೋಡೆಗಳನ್ನು 1 ಮಿ.ಮೀ. ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿದೆ. ನಿಂತ ಪಟ್ಟಿಗಳನ್ನೂ ಬಾಗಿಲುಗಳನ್ನೂ ಪ್ಲಾಟ್‌ಫಾರಂನಿಂದ ತೆಗೆದ ಫೋಟೋ ನೋಡಿ ಒಂದೊಂದಾಗಿ ಅಂಟಿಸಿದೆ.

ನನಗೆ ಅತಿ ಖುಷಿ ಕೊಟ್ಟ ಕೆಲಸ ಒಳಗಿನ ಮಾಲು. ಬಾಕ್ಸ್‌ಎನ್ ಹೊರುವುದು ಮೂಲ ಲೆಕ್ಕದಲ್ಲಿ 58 ಟನ್ ಚಿಲ್ಲರೆ, ಒಳಗಿನ ಜಾಗ ಸುಮಾರು 56 ಘನ ಮೀಟರ್. ಕಲ್ಲಿದ್ದಲು ಹಗುರ, ಅಷ್ಟು ಟನ್ ಆಗಬೇಕಾದರೆ ಅಂಚಿನ ಮೇಲೆ ಗುಡ್ಡೆ ಏಳುತ್ತದೆ. ಕಬ್ಬಿಣದ ಅದಿರು ಭಾರ, ಅರ್ಧಕ್ಕೂ ಮೊದಲೇ ನಿಲ್ಲುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಅದಿರನ್ನು ಅಂಚಿನವರೆಗೆ ತುಂಬಿರುತ್ತಾರೆ. ನಿಜವಾದ ಗಾಡಿಗೆ ಹಾಗೆ ತುಂಬಿದರೆ ಸ್ಪ್ರಿಂಗ್ ತಡೆಯುವುದಿಲ್ಲ. ನಾನು ಥರ್ಮೋಕೋಲ್ ಗುಡ್ಡೆ ಮಾಡಿ, ಇಸ್ತ್ರಿ ಅಂಗಡಿಯ ಇದ್ದಿಲನ್ನು ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕೂರಿಸಿದೆ. ತೂಕಕ್ಕೆ ಗುಡ್ಡೆಯ ಕೆಳಗೆ ಟೈರ್ ಅಂಗಡಿಯ ವೀಲ್ ಬ್ಯಾಲೆನ್ಸಿಂಗ್ ತುಂಡುಗಳು. ಒಂದು ಡಬ್ಬಿ 95 ಗ್ರಾಂ ತೂಗುವಂತೆ ನೋಡಿಕೊಂಡೆ. ಈಗ ತಿರುವಿನಲ್ಲಿ ಹಳಿ ಬಿಡುವುದಿಲ್ಲ.

ಬಣ್ಣ ಬಳಿದ ಮೇಲೆ ಕಪ್ಪು ಚಾಕ್ ಪುಡಿಯನ್ನು ಬ್ರಷ್‌ನಲ್ಲಿ ಮೇಲಿನಿಂದ ಕೆಳಕ್ಕೆ ಎಳೆದೆ, ಮಳೆನೀರು ಇಳಿಯುವ ದಿಕ್ಕಿಗೆ. ಎರಡು ಡಬ್ಬಿಗೆ ಬೋಗಿಯ ಹತ್ತಿರ ಕೆಂಪು ಪುಡಿಯನ್ನೂ ಹಚ್ಚಿದೆ. ಸಂಡೂರಿನ ಕಡೆ ಅದಿರು ಹೊತ್ತು ಬಂದ ವ್ಯಾಗನ್ ಅಂತ ನೋಡಿದ ಕೂಡಲೇ ತಿಳಿಯಬೇಕು.

ನಂಬರ್ ಮಾತ್ರ ಎರಡು ಸಲ ಮಾಡಬೇಕಾಯಿತು. ಅಕ್ಷರ ಬಿಳಿ, ಮನೆಯ ಪ್ರಿಂಟರ್ ಬಿಳಿ ಹೊಡೆಯುವುದಿಲ್ಲ. ಆದ್ದರಿಂದ ಬಿಳಿ ಡಿಕಾಲ್ ಹಾಳೆಯ (ಮಾಡೆಲ್ ಮೇಲೆ ಅಂಟಿಸುವ ತೆಳು ಸ್ಟಿಕ್ಕರ್) ಮೇಲೆ ಸುತ್ತ ಕಂದು ಬಣ್ಣ ಹೊಡೆಸಿ, ಅಕ್ಷರದ ಜಾಗ ಖಾಲಿ ಬಿಟ್ಟೆ. ಚೆನ್ನಾಗಿಯೇ ಬಂತು. ನಮ್ಮ ಓಣಿಯಲ್ಲಿ ರೈಲ್ವೆ ವರ್ಕ್‌ಶಾಪ್‌ನಿಂದ ನಿವೃತ್ತರಾದ ಕಾಕಾ ಒಬ್ಬರಿದ್ದಾರೆ. ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ತಮ್ಮಾ, ಇದರ ಕಡೀ ಅಂಕಿ ತಪ್ಪೈತಿ ನೋಡು" ಅಂದರು.

ವ್ಯಾಗನ್ ನಂಬರ್‌ನಲ್ಲಿ 11 ಅಂಕಿ. ಮೊದಲ ಎರಡು ವ್ಯಾಗನ್ ಜಾತಿ, ಮುಂದಿನ ಎರಡು ಯಾವ ರೈಲ್ವೆಯದ್ದು ಅಂತ, ಆಮೇಲೆ ತಯಾರಾದ ವರ್ಷ, ನಂತರ ನಾಲ್ಕು ಅಂಕಿಯ ಕ್ರಮಸಂಖ್ಯೆ. ಕೊನೆಯದು ತಾಳೆಯ ಅಂಕಿ, ಮೊದಲ ಹತ್ತು ಅಂಕಿ ಸರಿಯಾಗಿವೆಯೇ ಅಂತ ನೋಡುವುದಕ್ಕೆ. ಸಮ ಸ್ಥಾನದ (2, 4, 6...) ಅಂಕಿಗಳನ್ನು ಕೂಡಿಸಿ ಮೂರರಿಂದ ಗುಣಿಸಬೇಕು, ಬೆಸ ಸ್ಥಾನದವನ್ನು ಅದಕ್ಕೆ ಸೇರಿಸಬೇಕು. ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಕಡಿಮೆಯೋ ಅದೇ ಕೊನೆಯ ಅಂಕಿ. ನನ್ನದರಲ್ಲಿ 4 ಬರಬೇಕಿತ್ತು, 7 ಬರೆದಿದ್ದೆ. ಕಾಕಾ ಇದನ್ನು ಬಾಯಲ್ಲೇ ಲೆಕ್ಕ ಹಾಕಿದ್ದರು.

ಇಡೀ ರೇಕ್, ಅಂದರೆ ಪೂರ್ತಿ ಗಾಡಿ ಮಾಡಿದರೆ 58 ಡಬ್ಬಿ, ಏಳು ಮೀಟರ್ ಜಾಗ ಬೇಕು. ನನ್ನ ಹತ್ತಿರ ಆರು ಇವೆ. ಐದಕ್ಕೆ ಹೊಸ ನಂಬರ್ ಅಂಟಿಸಿದ್ದಾಗಿದೆ. ಆರನೆಯದರ ಲೆಕ್ಕವನ್ನು ಕಾಕಾ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ, ಭಾನುವಾರ ಅಂಟಿಸಬೇಕು.